ಲಕ್ವ ಹೊಡೆದ ರೋಗಿ ವಾರ್ಡಿಗೆ ಬಂದಾಗ ಯಾವ ಆರೈಕೆ ಎಷ್ಟು ಬೇಕೆಂದು ಅಳೆಯುವುದು ಹೇಗೆ?

ಸ್ಟಾಫ್ ನರ್ಸ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಮೆಡಿಸಿನ್ ವಾರ್ಡಿಗೆ ಒಂದು ಪುಟದ ಅಸೆಸ್‌ಮೆಂಟ್ ಶೀಟ್ ತಯಾರಿಸಬೇಕಾಗಿದೆ. ಲಕ್ವ ಹೊಡೆದು ಮೊದಲ ಮೂರು ದಿನದೊಳಗಿರುವ ರೋಗಿಗಳಿಗೆ ಮಾತ್ರ. ಈಗ ಕೇಸ್ ಶೀಟಿನಲ್ಲಿ ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ) ಇರುತ್ತದೆ, ಬಿಪಿ-ಶುಗರ್ ಚಾರ್ಟ್ ಇರುತ್ತದೆ, ಡಾಕ್ಟರ್ ಬರೆದ ಎನ್‌ಐಎಚ್‌ಎಸ್‌ಎಸ್ (ಲಕ್ವದ ತೀವ್ರತೆ) ಅಂಕ ಇರುತ್ತದೆ. ಆದರೆ ಪಾಳಿ ಬದಲಾಗುವಾಗ ಆ ಮೂರನ್ನೂ ನೋಡಿದರೂ ಈ ರೋಗಿಗೆ ಇವತ್ತು ರಾತ್ರಿ ಏನು ಮಾಡಬೇಕು, ಎಷ್ಟು ಸಲ ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ.

ಕೇಳಬೇಕಾದ್ದು ಇಷ್ಟು. ನರ್ಸಿಂಗ್ ಸ್ಟೇಷನ್ ಹತ್ತಿರದ ಬೆಡ್ ಯಾರಿಗೆ ಕೊಡಬೇಕೆಂದು ಎನ್‌ಐಎಚ್‌ಎಸ್‌ಎಸ್ ನೋಡಿ ತೀರ್ಮಾನಿಸಬಹುದೇ? ರಾತ್ರಿ ಸ್ಪೀಚ್ ಥೆರಪಿಸ್ಟ್ ಇರುವುದಿಲ್ಲ, ಆಗ ನುಂಗುವ ಪರೀಕ್ಷೆಯನ್ನು ನಾವೇ ಮಾಡಬಹುದೇ, ಮಾಡುವುದಾದರೆ ಹೇಗೆ? ಜಗಳೂರು, ನ್ಯಾಮತಿ ಕಡೆಯ ತಾಂಡಾಗಳಿಂದಲೂ ಚಳ್ಳಕೆರೆ ಕಡೆಯಿಂದಲೂ ಬರುವವರಲ್ಲಿ ಮನೆಮಾತು ಕನ್ನಡವಲ್ಲದವರು ಇರುತ್ತಾರೆ, ಅವರಿಗೆ ಮಾತಿನ ಅಂಕ ಕೊಡುವುದು ಹೇಗೆ? ಕೊನೆಯದಾಗಿ, ರಾತ್ರಿ ಇಬ್ಬರೇ ಇದ್ದಾಗ ಕೆಲಸದ ಹೊರೆಯನ್ನು ಅಂಕಿಯಲ್ಲಿ ತೋರಿಸುವ ದಾರಿ ಇದೆಯೇ? ‘ಕೆಲಸ ಜಾಸ್ತಿ’ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನ್ಯೂರೋ ಐಸಿಯು ಸಿಸ್ಟರ್:

ಮೊದಲ ಪ್ರಶ್ನೆಗೆ ಉತ್ತರ: ಆಗುವುದಿಲ್ಲ. ಎನ್‌ಐಎಚ್‌ಎಸ್‌ಎಸ್ 0ಯಿಂದ 42ರವರೆಗಿನ ಅಂಕ. ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ಅದು ಹೇಳುತ್ತದೆ. ರೋಗಿಗೆ ಎಷ್ಟು ಕೈ ಬೇಕು ಎಂಬುದು ಅದರ ಲೆಕ್ಕವಲ್ಲ.

ಮೂವರು ರೋಗಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ಅಂಕ 16: ಬಲಗೈ ಬಲಗಾಲು ಪೂರ್ತಿ ಬಿದ್ದಿದೆ, ಮಾತಿಲ್ಲ, ಮಲಗಿದಲ್ಲೇ ಇದ್ದಾರೆ. ಕೆಲಸ ಬಹಳ, ಆದರೆ ಯಾವಾಗ ಏನು ಎಂಬುದು ಮೊದಲೇ ಗೊತ್ತು. ಇನ್ನೊಬ್ಬರಿಗೆ ಅಂಕ 6: ಬಲ ಮೆದುಳಿನ ಪೆಟ್ಟು, ಎಡಗೈ ತನ್ನದೇ ಅಲ್ಲವೇನೋ ಎಂಬಂತೆ ಮರೆತಿದ್ದಾರೆ, ‘ನನಗೇನೂ ಆಗಿಲ್ಲ’ ಎನ್ನುತ್ತಾರೆ, ನಡುರಾತ್ರಿ ಬಚ್ಚಲಿಗೆಂದು ಎದ್ದು ನಿಲ್ಲುತ್ತಾರೆ. ಬೀಳುವುದು ಇವರೇ. ಮೂರನೆಯವರಿಗೆ ಅಂಕ 2: ತಲೆಸುತ್ತು, ವಾಂತಿ, ನಡೆಯುವಾಗ ವಾಲಾಟ, ಸಿಟಿ ಸ್ಕ್ಯಾನಿನಲ್ಲಿ ಸೆರೆಬೆಲ್ಲಮ್ (ಹಿಂಮೆದುಳು) ಪೆಟ್ಟು. ಊತ ಹೆಚ್ಚಾದರೆ ಕೆಲವೇ ಗಂಟೆಗಳಲ್ಲಿ ಪ್ರಜ್ಞೆ ಹೋಗುವ ಅಪಾಯ ಇವರಿಗಿದೆ. ಸ್ಟೇಷನ್ ಹತ್ತಿರದ ಬೆಡ್ ಎರಡನೆಯವರಿಗೆ ಮತ್ತು ಮೂರನೆಯವರಿಗೆ ಹೋಗಬೇಕು. ಅಂಕ ನೋಡಿದರೆ 16 ಇರುವವರಿಗೆ ಹೋಗುತ್ತದೆ. ಹಾಗಾಗಿ ಶೀಟಿನಲ್ಲಿ ‘ಹೊರೆ’ ಒಂದು ಕಲಂ, ‘ಅಪಾಯ’ ಇನ್ನೊಂದು ಕಲಂ ಮಾಡಿ. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಲು ಹೋಗಬೇಡಿ.

ಶೀಟಿನ ಮೊದಲ ಸಾಲು ಗಂಟೆಯದ್ದಾಗಿರಲಿ. ಲಕ್ವ ಶುರುವಾದದ್ದು ಯಾವಾಗ ಎಂಬುದಕ್ಕಿಂತ ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ ಎಂದು ಕೇಳಿ. ರಾತ್ರಿ 10ಕ್ಕೆ ಮಲಗಿ ಬೆಳಗ್ಗೆ 5ಕ್ಕೆ ಏಳುವಾಗ ಕೈ ಬಿದ್ದಿದ್ದರೆ ಗಂಟೆ ಎಣಿಸುವುದು ರಾತ್ರಿ 10ರಿಂದ. ಮನೆಯವರು ‘ಹಾಲು ಕರೆಯೋ ಹೊತ್ತಿಗೆ’, ‘ಹೊಲಕ್ಕೆ ಬುತ್ತಿ ಒಯ್ಯೋ ಹೊತ್ತಿಗೆ’ ಎನ್ನುತ್ತಾರೆ. ಅದನ್ನು ಗಡಿಯಾರಕ್ಕೆ ತರಬೇಕು. ಸುಲಭದ ಉಪಾಯವೆಂದರೆ ಅವರ ಮೊಬೈಲಿನಲ್ಲಿ ಮೊದಲ ಕರೆ ಹೋದ ಸಮಯ ನೋಡುವುದು. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ, ಅರ್ಧ ಗಂಟೆಯ ತಪ್ಪೂ ದೊಡ್ಡದು. ಜೊತೆಗೆ, ಬರುವ ದಾರಿಯಲ್ಲಿ ಬಾಯಿಗೆ ಏನಾದರೂ ಹಾಕಿದ್ದಾರೆಯೇ ಎಂದೂ ಕೇಳಿ: ನೀರು, ಕಾಫಿ, ನಾಟಿ ಔಷಧಿ. ಗದರಿಸಿ ಕೇಳಿದರೆ ಹೇಳುವುದಿಲ್ಲ.

ಇನ್ನು ಮಾತು. ಜಿಸಿಎಸ್‌ನಲ್ಲಿ ಮಾತಿಗೆ 5 ಅಂಕ. ಲಂಬಾಣಿ ಮಾತಾಡುವ ಅಜ್ಜಿಗೆ ಕನ್ನಡದಲ್ಲಿ ‘ಇದು ಯಾವ ತಿಂಗಳು’ ಎಂದು ಕೇಳಿ, ಸರಿ ಉತ್ತರ ಬರಲಿಲ್ಲ ಎಂದು 4 ಹಾಕಿದರೆ ನಾಳೆ ಅವರು ನಿಜವಾಗಿ ಇಳಿದಾಗ ಗೊತ್ತೇ ಆಗುವುದಿಲ್ಲ. ಮನೆಮಾತು ಯಾವುದೆಂದು ಶೀಟಿನ ತಲೆಯಲ್ಲೇ ಬರೆಯಿರಿ. ಜೊತೆಗಿರುವವರಿಂದ ಐದು ಪ್ರಶ್ನೆ ಕೇಳಿಸಿ, ಆ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಬೆಡ್ಡಿಗೆ ಅಂಟಿಸಿ, ಮೂರೂ ಪಾಳಿಯವರು ಅವನ್ನೇ ಕೇಳಲಿ. ಒಂದು ಎಚ್ಚರ: ಮನೆಯವರು ಪ್ರಶ್ನೆ ಕೇಳುತ್ತಾ ಕೈ ಬಾಯಿ ತೋರಿಸುತ್ತಾರೆ. ‘ಕೈ ಎತ್ತು’ ಎನ್ನುತ್ತಾ ತಾವೂ ಕೈ ಎತ್ತಿದರೆ ರೋಗಿ ನೋಡಿ ಮಾಡಿರುತ್ತಾರೆ, ಮಾತು ತಿಳಿದು ಮಾಡಿರುವುದಿಲ್ಲ. ಮಾತಿನ ಕೇಂದ್ರಕ್ಕೇ ಪೆಟ್ಟಾಗಿದ್ದರೆ ಅಂಕದ ಪಕ್ಕ ಹಾಗೆಂದು ಬರೆದು, ಕಣ್ಣು ಮತ್ತು ಚಲನೆಯ ಅಂಕವನ್ನೇ ಹಿಡಿದು ಏರಿಳಿತ ನೋಡಿ. ಚಲನೆಗೆ ಚೆನ್ನಾಗಿರುವ ಕೈಯದೇ ಅಂಕ, ಬಿದ್ದ ಕೈಯ ಬಲ ಬೇರೆ ಕಲಂನಲ್ಲಿ. ಜಿಸಿಎಸ್ 2 ಇಳಿದರೆ, ಅಥವಾ ಎನ್‌ಐಎಚ್‌ಎಸ್‌ಎಸ್ 4 ಏರಿದರೆ, ಆ ಕ್ಷಣವೇ ಡಾಕ್ಟರಿಗೆ ಫೋನ್. ಬೆಳಗಿನ ರೌಂಡ್ಸ್‌ಗೆ ಕಾಯುವ ವಿಷಯವಲ್ಲ.

ರಾತ್ರಿಪಾಳಿ ಬ್ರದರ್:

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ ರೋಗಿಯ ಲೆಕ್ಕ ಬೇರೆಯೇ. ಮೊದಲ 2 ಗಂಟೆ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ಬಿಪಿ ಮತ್ತು ನರಗಳ ಪರೀಕ್ಷೆ. 8, 12, 16 ಸೇರಿ 36 ಸಲ. ಅದರಲ್ಲಿ 20 ಮೊದಲ 8 ಗಂಟೆಯಲ್ಲೇ ಬೀಳುತ್ತವೆ. ಬಿಪಿ 180/105ರ ಒಳಗಿರಬೇಕು. ತಲೆನೋವು, ವಾಂತಿ, ಬಿಪಿ ಏಕಾಏಕಿ ಜಿಗಿಯುವುದು, ತುಟಿ-ನಾಲಿಗೆ ಊದುವುದು, ಇವುಗಳಲ್ಲಿ ಯಾವುದು ಕಂಡರೂ ಡ್ರಿಪ್ ನಿಲ್ಲಿಸಿ ಕರೆಯಿರಿ. ಎನಲಾಪ್ರಿಲ್ ತರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಲಿಗೆ ಊತ ಹೆಚ್ಚು, ಮಾತ್ರೆಯ ಹೆಸರು ಮೊದಲೇ ಬರೆದಿಡಿ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಇಂಜೆಕ್ಷನ್, ಅಂದರೆ ಆಲ್ಟಿಪ್ಲೇಸ್, ಕಿಲೋಗೆ 0.9 ಎಂಜಿ, ಹೆಚ್ಚೆಂದರೆ 90 ಎಂಜಿ. ಹತ್ತರಲ್ಲೊಂದು ಭಾಗ ಬೋಲಸ್ (ಒಮ್ಮೆಗೇ ಕೊಡುವುದು), ಉಳಿದದ್ದು 60 ನಿಮಿಷದ ಡ್ರಿಪ್. ಬಾಟಲಿ ಖಾಲಿಯಾಯಿತೆಂದು ಸೆಟ್ ಬಿಚ್ಚಿದರೆ ಔಷಧಿಯ ಕೊನೆಯ ಪಾಲು ಟ್ಯೂಬಿನಲ್ಲೇ ಉಳಿಯುತ್ತದೆ. ಅದೇ ವೇಗದಲ್ಲಿ ನಾರ್ಮಲ್ ಸಲೈನ್ ಬಿಟ್ಟು ಟ್ಯೂಬ್ ಖಾಲಿ ಮಾಡಬೇಕು. ತೂಕವನ್ನು ‘ನೋಡಿದರೆ 60 ಇರಬಹುದು’ ಎಂದು ಬರೆಯುವ ಚಾಳಿಯನ್ನೂ ಬಿಡಿ.

ಇಂಜೆಕ್ಷನ್ ಕೊಡದವರಿಗೆ ಬಿಪಿ 220/120ರವರೆಗೆ ಇದ್ದರೂ ಮೊದಲ ದಿನ ಸಾಮಾನ್ಯವಾಗಿ ಇಳಿಸುವುದಿಲ್ಲ. 190 ಕಂಡ ಕೂಡಲೇ ನಾಲಿಗೆ ಕೆಳಗೆ ಬಿಪಿ ಇಳಿಸುವ ನಿಫೆಡಿಪಿನ್ ಹಿಂಡುವುದು ಹಳೆಯ ರೂಢಿ, ಅಪಾಯದ ರೂಢಿ. ಮೆದುಳಿಗೆ ಹೋಗುವ ರಕ್ತವೇ ಕುಸಿಯುತ್ತದೆ. ಬಿಪಿ ಏರಿದರೆ ಮೊದಲು ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ, ಮೂತ್ರ ತುಂಬಿರಬಹುದು. ಆಮೇಲೆ ನೋವು, ಆಮೇಲೆ ಕಫ್ ಸೈಜ್. ರಕ್ತಸ್ರಾವದ ಲಕ್ವಕ್ಕೆ ಈ ಮಾತು ಅನ್ವಯಿಸದು. ಅಲ್ಲಿ ಸಿಸ್ಟೋಲಿಕ್ 140ರ ಆಸುಪಾಸಿಗೆ ತರಲು ಡಾಕ್ಟರೇ ಬರೆದಿರುತ್ತಾರೆ. ಆದ್ದರಿಂದ ಯಾವ ಬಗೆಯ ಲಕ್ವ, ಬಿಪಿ ಗುರಿ ಎಷ್ಟು, ಇವೆರಡೂ ಶೀಟಿನ ಮೇಲೆ ದೊಡ್ಡ ಅಕ್ಷರದಲ್ಲಿರಲಿ.

ನರ್ಸಿಂಗ್ ಟ್ಯೂಟರ್:

ನುಂಗುವ ಪರೀಕ್ಷೆಯ ಬಗ್ಗೆ. ತರಬೇತಿ ಪಡೆದ ನರ್ಸ್ ಮಾಡಬಹುದು, ಮಾಡಲೇಬೇಕು. ಪರೀಕ್ಷೆ ಆಗುವವರೆಗೆ ಬಾಯಿಗೆ ಏನೂ ಇಲ್ಲ ಎಂದರೆ ಮಾತ್ರೆಯೂ ಇಲ್ಲ ಎಂದೇ ಅರ್ಥ. ಅನ್ನ ನಿಲ್ಲಿಸಿ, ಆಸ್ಪಿರಿನ್ ಮಾತ್ರ ‘ಒಂದು ಗುಟುಕು ನೀರಲ್ಲಿ’ ಕೊಡುವುದು ವಾರ್ಡುಗಳಲ್ಲಿ ಕಾಣುವ ದೊಡ್ಡ ತಪ್ಪು. ಆ ಒಂದು ಗುಟುಕೇ ಶ್ವಾಸಕೋಶಕ್ಕೆ ಹೋಗುತ್ತದೆ.

ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ನೋಡಿದ್ದು ನರ್ಸ್‌ಗಳ ಕೈಯಲ್ಲಿರುವ ಮೂರೇ ಕೆಲಸಗಳನ್ನು: ಜ್ವರ, ಸಕ್ಕರೆ, ನುಂಗುವಿಕೆ. ಈ ಮೂರನ್ನು ಕ್ರಮವಾಗಿ ಮಾಡಿದ ಕಡೆ 90 ದಿನದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಯಾದವರು ನೂರಕ್ಕೆ 42, ಮಾಡದ ಕಡೆ 58. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಶೀಟಿನಲ್ಲಿ ಜಾಗ ಸಾಲದಿದ್ದರೆ ಬೇರೆ ಏನನ್ನಾದರೂ ತೆಗೆಯಿರಿ, ಈ ಮೂರನ್ನು ಬಿಡಬೇಡಿ. ಜ್ವರ ನಾಲ್ಕು ಗಂಟೆಗೊಮ್ಮೆ, 72 ಗಂಟೆವರೆಗೆ. 37.5 ಡಿಗ್ರಿ, ಅಂದರೆ ನಮ್ಮ ಥರ್ಮಾಮೀಟರಿನ 99.5, ಮುಟ್ಟಿದರೆ ಆರ್ಡರ್ ಪ್ರಕಾರ ಪ್ಯಾರಾಸಿಟಮಾಲ್. ‘100 ಆಗಲಿ’ ಎಂದು ಕಾಯುವುದಿಲ್ಲ. ಸಕ್ಕರೆ 140ರಿಂದ 180ರೊಳಗೆ. 60ಕ್ಕಿಂತ ಕಡಿಮೆಯಾದರೆ ಅದೇ ಲಕ್ವದಂತೆ ಕಾಣಿಸಿಕೊಳ್ಳುತ್ತದೆ, ತಕ್ಷಣ ಸರಿಪಡಿಸಬೇಕು.

ಪರೀಕ್ಷೆ ಹೀಗೆ. ರೋಗಿ 15 ನಿಮಿಷ ಎಚ್ಚರವಾಗಿ ಇರಬಲ್ಲರೇ, ನೆಟ್ಟಗೆ ಕೂರಬಲ್ಲರೇ ನೋಡಿ. ಆಗದಿದ್ದರೆ ಪರೀಕ್ಷೆಯೇ ಬೇಡ, ಬಾಯಿ ಬಂದ್. ಕೂರಿಸಿದ ಮೇಲೆ ಬಾಯಿ ಒಳಗೆ ಟಾರ್ಚ್ ಹಾಕಿ. ಬಿದ್ದ ಕಡೆಯ ಕೆನ್ನೆಯೊಳಗೆ ಬೆಳಗಿನ ಎಲೆಅಡಿಕೆ ಹಾಗೇ ಕೂತಿರುತ್ತದೆ, ನಮ್ಮ ಕಡೆ ಇದನ್ನು ಬರೆದು ಹೇಳಲೇಬೇಕು. ಬಟ್ಟೆ ಸುತ್ತಿದ ಬೆರಳಿನಿಂದ ತೆಗೆದು, ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಗಟ್ಟಿಯಾಗಿ ಕೂತಿದೆಯೇ ನೋಡಿ, ಬಾಯಿ ಒರೆಸಿ. ಕೆಮ್ಮಲು ಹೇಳಿ. ಜೊಲ್ಲು ಸುರಿಯುತ್ತಿದ್ದರೆ, ಕೆಮ್ಮಿಗೆ ಬಲವಿಲ್ಲದಿದ್ದರೆ, ದನಿ ಈಗಾಗಲೇ ಗೊರಗೊರ ಎನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಎಲ್ಲ ಸರಿಯಿದ್ದರೆ ಟೀ ಚಮಚದಲ್ಲಿ 5 ಎಂಎಲ್ ನೀರು, ಮೂರು ಸಲ. ಗಂಟಲ ಗಂಟಿನ ಮೇಲೆ ಎರಡು ಬೆರಳು ಇಟ್ಟು ಅದು ಮೇಲೇರುತ್ತದೆಯೇ ನೋಡಿ. ಪ್ರತಿ ಸಲವೂ ‘ಆ’ ಎನ್ನಿಸಿ. ದನಿ ಒದ್ದೆಯಾಗದಿದ್ದರೆ ಲೋಟದಲ್ಲಿ 90 ಎಂಎಲ್ ಕೊಟ್ಟು ನಡುವೆ ನಿಲ್ಲದೆ ಕುಡಿಯಲು ಹೇಳಿ. ಕುಡಿಯುವಾಗ ಅಥವಾ ಮುಗಿದು ಒಂದು ನಿಮಿಷದೊಳಗೆ ಕೆಮ್ಮು, ಉಸಿರುಕಟ್ಟು, ಒದ್ದೆ ದನಿ, ಅಥವಾ ನಡುವೆ ನಿಲ್ಲಿಸುವುದು, ಯಾವುದಾದರೂ ಕಂಡರೆ ಫೇಲ್. ಡಾಕ್ಟರಿಗೆ ತಿಳಿಸಿ, 24 ಗಂಟೆಯಲ್ಲಿ ಮತ್ತೆ ನೋಡಿ. ಪಾಸಾದವರ ಮೊದಲ ಊಟದ ಹತ್ತಿರವೂ ಒಬ್ಬರು ನಿಲ್ಲಬೇಕು, ಏಕೆಂದರೆ ಕೆಲವರಿಗೆ ನೀರು ಕೆಮ್ಮೇ ಇಲ್ಲದೆ ತಪ್ಪುದಾರಿ ಹಿಡಿಯುತ್ತದೆ. ಗಂಟಲಿಗೆ ಸ್ಪ್ಯಾಚುಲಾ ಹಾಕಿ ಓಕರಿಕೆ ಬಂತು, ಆದ್ದರಿಂದ ನುಂಗಬಲ್ಲರು ಎಂಬುದು ಪರೀಕ್ಷೆಯಲ್ಲ. ಎರಡಕ್ಕೂ ಸಂಬಂಧವಿಲ್ಲ.

ಸ್ಟಾಫ್ ನರ್ಸ್, ದಾವಣಗೆರೆ:

ತುಂಬ ಉಪಯೋಗವಾಯಿತು ಮೇಡಂ. ಒಂದು ಸಂಶಯ. ಮನೆಯವರು ರಾಗಿ ಗಂಜಿ ತರುತ್ತಾರೆ, ‘ನೀರಿಗಿಂತ ಮಂದ ಇದೆಯಲ್ಲ ಸಿಸ್ಟರ್’ ಎನ್ನುತ್ತಾರೆ. ಡಾಕ್ಟರ್ ಮಂದ ದ್ರವ ಕೊಡಬಹುದೆಂದು ಬರೆದಾಗ ಅದನ್ನು ಕೊಡಬಹುದೇ? ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬ್)?

ನರ್ಸಿಂಗ್ ಟ್ಯೂಟರ್:

ಕೊಡಬಹುದು, ಆದರೆ ಗಂಜಿ ಎಂದರೆ ಒಂದೇ ಹದವಲ್ಲ. ಬಿಸಿಯಲ್ಲಿ ತೆಳ್ಳಗಿದ್ದದ್ದು ಆರಿದಾಗ ಗಟ್ಟಿಯಾಗುತ್ತದೆ, ತಳದಲ್ಲಿ ಗಂಟು ಕೂರುತ್ತದೆ. ಸೋಸಿ, ಕೊಡುವ ಬಿಸಿಯಲ್ಲೇ ಹದ ನೋಡಿ. 10 ಎಂಎಲ್ ಸಿರಿಂಜಿನ ದಂಡ ತೆಗೆದು, ತುದಿಗೆ ಬೆರಳು ಹಿಡಿದು 10ರ ಗೆರೆವರೆಗೆ ಗಂಜಿ ತುಂಬಿ, ಬೆರಳು ಬಿಟ್ಟು 10 ಸೆಕೆಂಡ್ ಎಣಿಸಿ. ಒಳಗೆ 1 ಎಂಎಲ್‌ಗಿಂತ ಕಡಿಮೆ ಉಳಿದರೆ ಅದು ನೀರೇ. 1ರಿಂದ 4 ಸ್ವಲ್ಪ ಮಂದ, 4ರಿಂದ 8 ಇನ್ನೂ ಮಂದ, 8ಕ್ಕಿಂತ ಹೆಚ್ಚು ಉಳಿದರೆ ಮಧ್ಯಮ ಮಂದ. ಶೂನ್ಯದ ಗೆರೆಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರುವ ಸಿರಿಂಜಿಗೆ ಈ ಲೆಕ್ಕ, ಸ್ಕೇಲ್ ಇಟ್ಟು ಒಮ್ಮೆ ನೋಡಿಕೊಳ್ಳಿ.

ಕೊಡಬಾರದ್ದು ಬೇರೆ ಇದೆ: ಅನ್ನ-ತಿಳಿಸಾರು. ಸಾರು ಮೊದಲೇ ಗಂಟಲಿಗೆ ಜಾರುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಎರಡು ಹದ ಸೇರಿದ್ದು ಇವರಿಗೆ ಎಲ್ಲಕ್ಕಿಂತ ಕಷ್ಟ. ಮಂಡಕ್ಕಿಯೂ ಬೇಡ, ಒಣ ಚೂರು ಕೆನ್ನೆಯಲ್ಲಿ ಸೇರಿಕೊಂಡು ಅರ್ಧ ಗಂಟೆ ಬಿಟ್ಟು ಜಾರುತ್ತದೆ. ದಾವಣಗೆರೆಯಲ್ಲಿ ನೋಡಲು ಬಂದವರ ಚೀಲದಲ್ಲಿ ಮಂಡಕ್ಕಿ ಇಲ್ಲದಿರುವುದಿಲ್ಲ, ಆದ್ದರಿಂದ ಬೆಡ್ಡಿನ ತಲೆಗೆ ‘ಬಾಯಿಗೆ ಏನೂ ಕೊಡಬೇಡಿ’ ಎಂದು ಬರೆದರೆ ಸಾಲದು. ಓದಲು ಬಾರದವರಿಗೆ ಲೋಟದ ಮೇಲೆ ಅಡ್ಡಗೆರೆ ಎಳೆದ ಚಿತ್ರ ಹಾಕಿ.

ಟ್ಯೂಬಿಗೆ ಹಾಕುವುದಾದರೆ ತೆಳುಬಟ್ಟೆಯಲ್ಲಿ ಸೋಸಿದ ತೆಳು ಗಂಜಿಯೇ ಆಗಬೇಕು, ಕೊಟ್ಟ ಮೇಲೆ 30 ಎಂಎಲ್ ನೀರು. ಇಲ್ಲವಾದರೆ ಟ್ಯೂಬ್ ಕಟ್ಟುತ್ತದೆ. ತಲೆಭಾಗ 30ರಿಂದ 45 ಡಿಗ್ರಿ ಏರಿಸಿ, ಕೊಟ್ಟು ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ. ಟ್ಯೂಬ್ ಹೊಟ್ಟೆಯಲ್ಲಿದೆ ಎಂಬುದಕ್ಕೆ ಗಾಳಿ ಹಾಕಿ ಸದ್ದು ಕೇಳುವುದನ್ನು ನಂಬಬೇಡಿ. ಎಳೆದ ರಸದ ಪಿಎಚ್ 5.5 ಅಥವಾ ಕಡಿಮೆ ಇರಬೇಕು. ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ನಡೆಯುತ್ತಿದ್ದರೆ ಪಿಎಚ್ ಏರಿರುತ್ತದೆ, ಆಗ ಎಕ್ಸ್‌ರೇ. ಮೂಗಿನ ಹತ್ತಿರ ಎಷ್ಟು ಸೆಂಟಿಮೀಟರ್ ಇದೆ ಎಂದು ಬರೆದಿಟ್ಟು ಪ್ರತಿ ಸಲ ನೋಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಆಗಿದ್ದರೆ ಮೂಗಿನಲ್ಲಿ ರಕ್ತ ಬರುವ ಭಯವಿದೆ, ಟ್ಯೂಬನ್ನು ಎಷ್ಟು ಮುಂದೂಡಬಹುದೋ ಅಷ್ಟು ಮುಂದೂಡಿ. ಎಂಟೆರಿಕ್ ಕೋಟೆಡ್ (ಕರುಳಿನಲ್ಲಿ ಕರಗುವ ಲೇಪದ) ಆಸ್ಪಿರಿನ್, ನಿಧಾನವಾಗಿ ಕರಗುವ ಮಾತ್ರೆ, ಇವನ್ನು ಕುಟ್ಟಿ ಹಾಕಬಾರದು.

ಹೊಸ ಸದಸ್ಯ:

ಇಷ್ಟೆಲ್ಲ ತಲೆಬಿಸಿ ಯಾಕೆ? ಎಲ್ಲರಿಗೂ ಬಂದ ದಿನವೇ ಕ್ಯಾಥೆಟರ್ ಹಾಕಿದರೆ ರಾತ್ರಿ ಕೆಲಸ ಅರ್ಧ ಕಮ್ಮಿ.

ನ್ಯೂರೋ ಐಸಿಯು ಸಿಸ್ಟರ್:

ಇವತ್ತಿನ ರಾತ್ರಿಗೆ ಕಮ್ಮಿ, ಐದನೆಯ ದಿನದಿಂದ ಜಾಸ್ತಿ. ಟ್ಯೂಬ್ ಇದ್ದ ದಿನ ಹೆಚ್ಚಿದಷ್ಟೂ ಸೋಂಕು ಹೆಚ್ಚು, ಜ್ವರ ಬಂದರೆ ಮೆದುಳಿನ ಪೆಟ್ಟಿಗೂ ಕೆಡುಕು. ಎಡಗಡೆ ಮರೆತ ರೋಗಿ ಅದನ್ನು ಎಳೆದು ರಕ್ತ ಮಾಡಿಕೊಳ್ಳುತ್ತಾರೆ. ಮೂತ್ರ ಕಟ್ಟಿದ್ದರೆ, ಗಂಟೆ ಗಂಟೆಗೆ ಅಳತೆ ಬೇಕಿದ್ದರೆ, ಹಿಂಭಾಗದಲ್ಲಿ ಹುಣ್ಣಿದ್ದರೆ ಹಾಕಿ. ಹಾಕಿದ ತಾರೀಖು, ಕಾರಣ ಬರೆದು ‘ಇವತ್ತೂ ಬೇಕೇ?’ ಎಂದು ದಿನಾ ಕೇಳುವ ಚೌಕ ಶೀಟಿನಲ್ಲಿರಲಿ. ಉಳಿದವರಿಗೆ ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆ ಪ್ಯಾನ್ ಅಥವಾ ಯೂರಿನಲ್, ಗಂಡಸರಿಗೆ ಕಾಂಡೋಮ್ ಕ್ಯಾಥೆಟರ್. ಮಾತಿಲ್ಲದವರು ಸುಮ್ಮನೆ ಒದ್ದಾಡಿದರೆ, ಬಟ್ಟೆ ಕಿತ್ತರೆ, ಕಟ್ಟಿಹಾಕುವ ಮೊದಲು ಮೂತ್ರಕೋಶ ಮುಟ್ಟಿ ನೋಡಿ.

ದುರ್ಗದ ಫಿಸಿಯೋ:

ಭುಜದ ಬಗ್ಗೆ ಯಾರೂ ಹೇಳಲಿಲ್ಲ. ಮೇಲಕ್ಕೆ ಸರಿಸುವಾಗ ಬಿದ್ದ ಕೈಯನ್ನೇ ಹಿಡಿದು, ಕಂಕುಳಿಗೆ ಕೈಹಾಕಿ ಎಳೆಯುತ್ತಾರೆ. ಸ್ನಾಯು ಸಡಿಲಾದ ಭುಜ ಕೀಲಿನಿಂದ ಇಳಿಯುತ್ತದೆ, ತಿಂಗಳುಗಟ್ಟಲೆ ನೋವು. ಡ್ರಾಶೀಟ್ (ರೋಗಿಯ ಕೆಳಗೆ ಅಡ್ಡ ಹಾಸಿದ ಶೀಟ್) ಹಿಡಿದು ಇಬ್ಬರು ಎತ್ತಬೇಕು. ಮಲಗಿದಾಗ ಕೈ ಕೆಳಗೆ ದಿಂಬು, ಮುಂಗೈ ಇಳಿಬೀಳದಂತೆ. ಕ್ಯಾನುಲಾವನ್ನೂ ಆದಷ್ಟು ಚೆನ್ನಾಗಿರುವ ಕೈಗೆ ಹಾಕಿ, ಸ್ಪರ್ಶವಿಲ್ಲದ ಕೈಯಲ್ಲಿ ಡ್ರಿಪ್ ಚರ್ಮದಡಿ ಸೋರಿದರೂ ರೋಗಿಗೆ ಗೊತ್ತಾಗದು.

ಎಬ್ಬಿಸುವ ಆತುರವೂ ಬೇಡ. 2015ರಲ್ಲಿ ಬಂದ 2,104 ರೋಗಿಗಳ ಪ್ರಯೋಗದಲ್ಲಿ ಮೊದಲ 24 ಗಂಟೆಯೊಳಗೇ ಪದೇಪದೇ, ಜಾಸ್ತಿ ಹೊತ್ತು ಎಬ್ಬಿಸಿ ನಡೆಸಿದವರ ಫಲಿತಾಂಶ ಕೆಟ್ಟಿತ್ತು. ಸ್ವಲ್ಪ ಸ್ವಲ್ಪ ಹೊತ್ತು, ಬಿಪಿ ನೋಡಿಕೊಂಡು. ಕಾಲಿನ ರಕ್ತ ಹೆಪ್ಪು ತಡೆಯಲೆಂದು ಉದ್ದ ಸ್ಟಾಕಿಂಗ್ಸ್ ಬರೆಸಬೇಡಿ, ಲಕ್ವದವರಲ್ಲಿ ಅದರಿಂದ ಉಪಯೋಗವಿಲ್ಲ ಎಂದು 2009ರಲ್ಲೇ ತಿಳಿದಿದೆ, ಚರ್ಮ ಮಾತ್ರ ಕೆಡುತ್ತದೆ. ಗಾಳಿ ತುಂಬಿ ಬಿಡುವ ಕಾಲುಪಟ್ಟಿ ಇದ್ದರೆ ಅದು ಕೆಲಸ ಮಾಡುತ್ತದೆ.

ಮನೆಯ ಬಗ್ಗೆಯೂ ಮೊದಲ ದಿನವೇ ಎರಡು ಸಾಲು ಬರೆಯಿರಿ: ಕೂರುವ ಕಕ್ಕಸೇ, ಹೊಸ್ತಿಲು-ಮೆಟ್ಟಿಲು ಎಷ್ಟು, ರಾತ್ರಿ ಜೊತೆಗೆ ಯಾರಿರುತ್ತಾರೆ. ಬಾರ್ತೆಲ್ ಅಂಕ (ದಿನನಿತ್ಯದ ಕೆಲಸ ತಾನೇ ಎಷ್ಟು ಮಾಡಬಲ್ಲರು ಎಂಬ ಅಂಕ) ಮನೆಗೆ ಕಳಿಸುವಾಗ ಬೇಕು, ಮೊದಲ ದಿನ ಹೆಚ್ಚಿನವರಿಗೆ ಕಮ್ಮಿಯೇ ಬರುತ್ತದೆ.

ರಾತ್ರಿಪಾಳಿ ಬ್ರದರ್:

ಹೊರೆಯ ಲೆಕ್ಕಕ್ಕೆ ದೊಡ್ಡ ಸ್ಕೇಲ್ ಬೇಡ. ಪ್ರತಿ ಕೆಲಸಕ್ಕೆ ಎಷ್ಟು ಸಲ, ಎಷ್ಟು ಜನ, ಎಷ್ಟು ನಿಮಿಷ ಎಂದು ಬರೆದು ಗುಣಿಸಿ. ರಾತ್ರಿ 8ರಿಂದ ಬೆಳಗ್ಗೆ 8ರ ಪಾಳಿಗೆ, ಮೇಲೆ ಹೇಳಿದ 16 ಅಂಕದ ರೋಗಿಯ ಉದಾಹರಣೆ: ಮಗ್ಗುಲು ಬದಲಿಸಲು 6 ಸಲ, 2 ಜನ, 5 ನಿಮಿಷ, ಒಟ್ಟು 60. ಟ್ಯೂಬ್ ಫೀಡ್ 3 ಸಲ, ಒಬ್ಬರು, 15 ನಿಮಿಷ, 45. ಬಾಯಿ ಸ್ವಚ್ಛ 3 ಸಲ 5 ನಿಮಿಷ, 15. ಪರೀಕ್ಷೆ 3 ಸಲ 10 ನಿಮಿಷ, 30. ಒರೆಸಿ ಬಟ್ಟೆ ಬದಲಿಸಲು 3 ಸಲ, 2 ಜನ, 10 ನಿಮಿಷ, 60. ಕೂಡಿಸಿದರೆ 210 ನಿಮಿಷ, ಮೂರೂವರೆ ಗಂಟೆ, ಒಬ್ಬ ರೋಗಿಗೆ. ಇಬ್ಬರ ಪಾಳಿಯಲ್ಲಿ ಒಟ್ಟು ಇರುವುದೇ 1,440 ನಿಮಿಷ. ಇಂಥ ನಾಲ್ವರಿದ್ದರೆ 840 ಅಲ್ಲಿಗೇ ಹೋಯಿತು, ಉಳಿದ ವಾರ್ಡಿಗೆ 600. ನಿಮಿಷಗಳನ್ನು ನನ್ನಿಂದ ನಕಲು ಮಾಡಬೇಡಿ, ನಿಮ್ಮ ವಾರ್ಡಿನಲ್ಲೇ ಮೂರು ರಾತ್ರಿ ಗಡಿಯಾರ ಇಟ್ಟು ಅಳೆಯಿರಿ. ಕೇಳುವವರು ಮೊದಲು ಕೇಳುವುದೇ ಅದನ್ನು. ಮನೆಯವರು ಮಾಡಿದ ಕೆಲಸವನ್ನೂ ಲೆಕ್ಕಕ್ಕೆ ಹಿಡಿದು, ಯಾರು ಮಾಡಿದರು ಎಂದು ಬೇರೆ ಬರೆಯಿರಿ. ಇಲ್ಲವಾದರೆ ಆ ಕೆಲಸವೇ ಇರಲಿಲ್ಲ ಎಂದಾಗುತ್ತದೆ.

ಸ್ಟಾಫ್ ನರ್ಸ್, ದಾವಣಗೆರೆ:

ಕಲಂಗಳು ಈಗ ಸಿಕ್ಕವು. ಕೊನೆಯ ಪ್ರಶ್ನೆ: ಬ್ರೇಡನ್ ಅಂಕ (ಒತ್ತುಹುಣ್ಣಿನ ಅಪಾಯದ ಅಂಕ) 12, ಏರ್‌ಬೆಡ್ ಹಾಕಿದ್ದೇವೆ. ಆಗ ಎರಡು ಗಂಟೆಯ ಮಗ್ಗುಲನ್ನು ನಾಲ್ಕಕ್ಕೆ ಏರಿಸಬಹುದೇ?

ನ್ಯೂರೋ ಐಸಿಯು ಸಿಸ್ಟರ್:

12 ಅಂದರೆ ಹೆಚ್ಚಿನ ಅಪಾಯದ ಗುಂಪು, ಈ ಅಂಕದಲ್ಲಿ ಕಮ್ಮಿಯಾದಷ್ಟೂ ಕೆಟ್ಟದ್ದು. ಚರ್ಮ ನೋಡದೆ ಏರಿಸಬೇಡಿ. ಮಗ್ಗುಲು ಬದಲಿಸುವಾಗ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆ, ಕಿವಿ, ಟ್ಯೂಬಿನ ಟೇಪ್ ಅಂಟಿದ ಮೂಗು ನೋಡಿ. ನಮ್ಮವರ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಪೂರ್ತಿ ಪಕ್ಕಕ್ಕೆ ತಿರುಗಿಸದೆ 30 ಡಿಗ್ರಿ ವಾಲಿಸಿ, ಮೀನಖಂಡದಡಿ ದಿಂಬು ಇಟ್ಟು ಹಿಮ್ಮಡಿ ತೇಲುವಂತೆ ಮಾಡಿ. ಏರ್‌ಬೆಡ್ ಮೇಲೆ ರಬ್ಬರ್ ಶೀಟ್, ಮಡಿಸಿದ ಕಂಬಳಿ, ಎರಡು ಬೆಡ್‌ಶೀಟ್ ಹಾಸಿದರೆ ಅದು ಇದ್ದೂ ಇಲ್ಲದಂತೆ. ಒಂದೇ ತೆಳು ಶೀಟ್ ಸಾಕು. ಪ್ರತಿ ಪಾಳಿಗೆ ಬೆನ್ನಿನಡಿ ಕೈ ತೂರಿಸಿ ಗಾಳಿ ಇದೆಯೇ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಪಂಪ್ ಮತ್ತೆ ಶುರುವಾಗಿದೆಯೇ ಎಂದೂ ನೋಡಿ. ಮೊಬೈಲ್ ಚಾರ್ಜ್ ಹಾಕಲೆಂದು ಅದರ ಪ್ಲಗ್ ಕಿತ್ತಿರುವುದೂ ಉಂಟು.